ಡೆಕ್ಕನ್ ಕ್ವೀನ್‌ನಲ್ಲಿ ಬರುತ್ತಿದ್ದ ಗಣಿತಜ್ಞ: ಸೂರ್ಯನ ಪರವಾಗಿ ವಾದಿಸಿದ ಡಿ.ಡಿ. ಕೊಸಾಂಬಿ

ಪುಣೆಯಿಂದ ಬೆಳಿಗ್ಗೆ ಡೆಕ್ಕನ್ ಕ್ವೀನ್ ರೈಲಿನಲ್ಲಿ ಮುಂಬಯಿಗೆ ಬಂದು, ಸಂಜೆ ಅದೇ ರೈಲಿನಲ್ಲಿ ಹಿಂತಿರುಗುವ ನೌಕರವರ್ಗದಲ್ಲಿ ನಮ್ಮ ಕನ್ನಡಿಗರೂ ಸಾಕಷ್ಟು ಮಂದಿ ಇದ್ದಾರೆ. 1930ರ ಜೂನ್ 1ರಂದು ಓಡಾಟ ಆರಂಭಿಸಿದ ಈ ರೈಲಿನ ಹಳೆಯ ಪ್ರಯಾಣಿಕರಲ್ಲಿ ಒಬ್ಬ ಗಣಿತಜ್ಞರೂ ಇದ್ದರು. 1946ರಿಂದ 1962ರ ತನಕ, ಅಂದರೆ 16 ವರ್ಷಗಳ ಕಾಲ ಪುಣೆಯ ಮನೆಯಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಹೋಗುತ್ತಿದ್ದ ಅವರೇ ದಾಮೋದರ ಧರ್ಮಾನಂದ ಕೊಸಾಂಬಿ. ಡಿ.ಡಿ. ಕೊಸಾಂಬಿ ಎಂದೊಡನೆ ಓದುಗರಿಗೆ ನೆನಪಾಗುವುದು ಪ್ರಾಚೀನ ಭಾರತದ ಇತಿಹಾಸಕಾರ. ಆದರೆ ಈ ದೇಶಕ್ಕೆ ಬೇಕಾದ ವಿದ್ಯುತ್ತು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಿ, ಅಣುಶಕ್ತಿಯ ಬದಲು ಸೂರ್ಯಶಕ್ತಿಯತ್ತ ಬೊಟ್ಟು ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಘಟ್ಟ ಇಳಿದು ಬರುವ ಈ ರೈಲು ಮೊದಲಿನಿಂದಲೂ ವಿದ್ಯುತ್ತಿನಿಂದ ಓಡಿದ್ದು. ಆ ವಿದ್ಯುತ್ತಿನ ಒಂದು ಮೂಲ ಕಲ್ಯಾಣದ ಪಕ್ಕದ ಠಾಕುರ್ಲಿಯಲ್ಲಿ ಕಲ್ಲಿದ್ದಲು ಉರಿಸುತ್ತಿದ್ದ ರೈಲ್ವೆಯ ವಿದ್ಯುದಾಗಾರ. ಡೊಂಬಿವಲಿ, ಠಾಕುರ್ಲಿ ಪರಿಸರದ ಹಿರಿಯರಿಗೆ ಅದರ ಚಿಮಣಿಗಳ ನೆನಪು ಇರಬಹುದು. ಕಲ್ಲಿದ್ದಲು ಮುಗಿದರೆ ಏನು, ಅದರ ಹೊಗೆ ಬೂದಿಗೆ ಯಾರು ಹೊಣೆ, ಅಣುಶಕ್ತಿ ಕ್ಷೇಮವೇ, ಗಾಳಿ ಬಿಸಿಲು ನಂಬಿ ಕೂರಬಹುದೇ ಎಂಬ ಚರ್ಚೆ ಇಂದು ಪತ್ರಿಕೆಗಳಲ್ಲಿ, ಗ್ರಾಮಸಭೆಗಳಲ್ಲಿ, ನ್ಯಾಯಾಲಯಗಳಲ್ಲಿ ನಡೆದಿದೆ. ಇದರ ಬೇರು 1950ರ ದಶಕದಲ್ಲೇ, ಅದೂ ನಮ್ಮ ಮುಂಬಯಿ-ಪುಣೆಗಳಲ್ಲೇ ಇದೆ ಎಂಬುದನ್ನು ತಿಳಿಯಲು ಕೊಸಾಂಬಿಯವರ ಜೀವನವನ್ನು ಒಮ್ಮೆ ಅವಲೋಕಿಸುವುದು ಉಚಿತ.

ಗೋವೆಯಿಂದ ಹಾರ್ವರ್ಡ್‌ಗೆ

ಕೊಸಾಂಬಿಯವರು ಜನಿಸಿದ್ದು 1907ರ ಜುಲೈ 31ರಂದು, ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯ ಕೊಸ್ಬೆನ್ ಎಂಬ ಊರಿನಲ್ಲಿ. ತಂದೆ ಧರ್ಮಾನಂದ ಕೊಸಾಂಬಿಯವರು ಪಾಲಿ ಭಾಷೆ ಮತ್ತು ಬೌದ್ಧ ಧರ್ಮದ ಮಹಾ ವಿದ್ವಾಂಸರು. ಮನೆಬಿಟ್ಟು ದೇಶ ಸುತ್ತಿ, ಸಿಂಹಳಕ್ಕೂ ಹೋಗಿ ಪಾಲಿ ಕಲಿತು ಬಂದ ಅವರನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಬೌದ್ಧ ಗ್ರಂಥವೊಂದರ ಸಂಪಾದನೆಗಾಗಿ ಆಹ್ವಾನಿಸಿತ್ತು. 1918ರಲ್ಲಿ ತಂದೆಯ ಜತೆ ಬಾಲಕ ದಾಮೋದರನೂ ಅಮೆರಿಕಕ್ಕೆ ತೆರಳಿದ. ಅಲ್ಲಿಯೇ ಶಾಲೆ, ಅಲ್ಲಿಯೇ ಕಾಲೇಜು. 1929ರಲ್ಲಿ ಹಾರ್ವರ್ಡ್‌ನಿಂದ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದು ಸ್ವದೇಶಕ್ಕೆ ಹಿಂತಿರುಗಿದರು.

ಹಿಂತಿರುಗಿದವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಜತೆಗೆ ಜರ್ಮನ್ ಭಾಷೆಯನ್ನೂ ಕಲಿಸಿದರು. ಬಳಿಕ ಸ್ವಲ್ಪ ಕಾಲ ಅಲಿಘರ್‌ನಲ್ಲಿದ್ದರು. 1931ರಲ್ಲಿ ನಳಿನಿಯವರೊಂದಿಗೆ ವಿವಾಹವಾಯಿತು. 1933ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು. ತಂದೆ ಧರ್ಮಾನಂದರು ಹಿಂದೆ ಪಾಲಿ ಕಲಿಸಿದ ಕಾಲೇಜು ಅದು. ಅಲ್ಲಿಂದ ಮುಂದೆ ಪುಣೆಯೇ ಅವರ ಊರಾಯಿತು. ಅವರ ಮಗಳು ಮೀರಾ ಕೊಸಾಂಬಿಯವರು ಸಮಾಜಶಾಸ್ತ್ರಜ್ಞೆಯಾಗಿ ಹೆಸರು ಮಾಡಿ, 2015ರಲ್ಲಿ ತೀರಿಕೊಂಡರು.

ಫರ್ಗ್ಯುಸನ್‌ನ ವರ್ಷಗಳಲ್ಲಿ ಅವರು ಮಾಡಿದ ಕೆಲಸವನ್ನು ಒಬ್ಬನೇ ವ್ಯಕ್ತಿ ಮಾಡಿದ್ದೆಂದರೆ ನಂಬುವುದು ಕಷ್ಟ. ಗಣಿತಕ್ಕಾಗಿ 1934ರಲ್ಲಿ ರಾಮಾನುಜನ್ ಸ್ಮಾರಕ ಪ್ರಶಸ್ತಿ ಬಂತು. ಸಂಖ್ಯಾಶಾಸ್ತ್ರವನ್ನು ತಾವೇ ಕಲಿತು, ಅದರ ಉಪಯೋಗ ನೋಡಲು ಪ್ರಾಚೀನ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿ ತೂಗಿದರು. ನಾಣ್ಯ ಕೈಯಿಂದ ಕೈಗೆ ಚಲಾವಣೆಯಾದಂತೆ ಸವೆಯುತ್ತದೆ. ಆ ಸವಕಳಿಯನ್ನು ಲೆಕ್ಕ ಹಾಕಿದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಬಹುದು ಎಂಬ ಸರಳ ತತ್ವದಿಂದ ಇತಿಹಾಸದ ಬಾಗಿಲನ್ನೇ ತೆರೆದರು. ದಿನವಿಡೀ ನೋಟು ನಾಣ್ಯ ಎಣಿಸುವ ನಮ್ಮಂತಹ ಬ್ಯಾಂಕ್ ನೌಕರರಿಗೆ ಹೊಳೆಯದ ವಿಚಾರ ಇದು. ಭರ್ತೃಹರಿಯ ಸುಭಾಷಿತಗಳ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ 1948ರಲ್ಲಿ ಶುದ್ಧ ಪಾಠವನ್ನು ಪ್ರಕಟಿಸಿದರು. 1944ರಲ್ಲಿ ವಂಶವಾಹಿಗಳ ನಡುವಿನ ಅಂತರವನ್ನು ಅಳೆಯಲು ಒಂದು ಗಣಿತ ಸೂತ್ರ ಕೊಟ್ಟರು. ತಳಿವಿಜ್ಞಾನದಲ್ಲಿ ಇಂದಿಗೂ ಅದು ಅವರದೇ ಹೆಸರಿನಲ್ಲಿ ಬಳಕೆಯಲ್ಲಿದೆ.

ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅಣು ವಿಕಿರಣದಿಂದ ಹುಟ್ಟಲಿರುವ ಮಕ್ಕಳಿಗೆ ಆಗಬಹುದಾದ ಹಾನಿಯ ಬಗ್ಗೆ ಅವರು ಮಾತನಾಡಿದಾಗ ಅದು ಯಾರೋ ಹೊರಗಿನವರ ಗಾಬರಿಯಾಗಿರಲಿಲ್ಲ. ವಂಶವಾಹಿಗಳ ಲೆಕ್ಕ ಬಲ್ಲವರ ಮಾತಾಗಿತ್ತು.

ಭಾಭಾ ಅವರ ಆಹ್ವಾನ

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇಂದು ಕೊಲಾಬಾದ ಸಮುದ್ರ ತೀರದಲ್ಲಿದ್ದರೂ ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಮರಳಲಾಗದೆ ಹೋಮಿ ಜಹಾಂಗೀರ್ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. 1945ರಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ಆ ಆವರಣದಲ್ಲೇ ಹೊಸ ಸಂಸ್ಥೆ ಕಣ್ಣು ಬಿಟ್ಟಿತು. ಅದೇ ವರ್ಷದ ಕೊನೆಗೆ ಮುಂಬಯಿಗೆ ಬಂದು ಪೆಡ್ಡರ್ ರೋಡಿನ ಬಂಗಲೆಯೊಂದರಲ್ಲಿ ಬಿಡಾರ ಹೂಡಿತು. ಗಣಿತ ವಿಭಾಗಕ್ಕೆ ಸಮರ್ಥರನ್ನು ಹುಡುಕುತ್ತಿದ್ದ ಭಾಭಾ ಅವರು ಕೊಸಾಂಬಿಯವರನ್ನು ಪ್ರಾಧ್ಯಾಪಕರಾಗಿ ಆಹ್ವಾನಿಸಿದರು. ಕೊಸಾಂಬಿಯವರು ಒಪ್ಪಿದರು. ಆದರೆ ಪುಣೆಯ ಮನೆ ಬಿಡಲು ಒಪ್ಪಲಿಲ್ಲ. ಹಾಗಾಗಿ ಡೆಕ್ಕನ್ ಕ್ವೀನ್ ಪ್ರಯಾಣ ಆರಂಭವಾಯಿತು.

ಇಬ್ಬರೂ ಅಸಾಮಾನ್ಯರು. ಭಾಭಾ ಅವರು ಶ್ರೀಮಂತ ಪಾರ್ಸಿ ಕುಟುಂಬದವರು, ಚಿತ್ರಕಲೆ ಸಂಗೀತಗಳ ಪ್ರೇಮಿ, ಪ್ರಧಾನಿ ನೆಹರೂ ಅವರ ಆಪ್ತರು. ಕೊಸಾಂಬಿಯವರು ಮಾರ್ಕ್ಸ್‌ವಾದಿ ಚಿಂತಕರು, ವಿಶ್ವಶಾಂತಿ ಚಳವಳಿಯಲ್ಲಿ ಭಾಗಿಯಾಗಿ ರಷ್ಯಾ, ಚೀನಾಗಳಿಗೆ ಹೋಗಿ ಬಂದವರು. ರಜೆಯ ದಿನಗಳಲ್ಲಿ ಕೋಲು ಹಿಡಿದು ಪುಣೆಯ ಸುತ್ತಲಿನ ಗುಡ್ಡಗಳನ್ನು, ಕಾರ್ಲೆ ಗುಹೆಗಳನ್ನು, ಹಳ್ಳಿಯ ಗ್ರಾಮದೇವತೆಗಳ ಗುಡಿಗಳನ್ನು ಸುತ್ತುವುದು ಅವರ ಅಭ್ಯಾಸವಾಗಿತ್ತು. ಭಾರತದ ಇತಿಹಾಸ ಕುರಿತ ಅವರ ಮೊದಲ ದೊಡ್ಡ ಗ್ರಂಥ 1956ರಲ್ಲಿ ಹೊರಬಂದಿತು. ರಾಜರ ವಂಶಾವಳಿಗಿಂತ ಜನರ ಕೈಯಲ್ಲಿ ನೇಗಿಲಿತ್ತೇ, ಯಾವ ನೇಗಿಲಿತ್ತು ಎಂಬುದೇ ಇತಿಹಾಸದ ಮುಖ್ಯ ಪ್ರಶ್ನೆ ಎಂಬ ದೃಷ್ಟಿಯನ್ನು ಆ ಗ್ರಂಥ ನಮ್ಮ ವಿದ್ವತ್ ಲೋಕಕ್ಕೆ ಕಲಿಸಿತು. ಹೀಗೆ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದವರಿಗೆ ಬೋಳಾಗುತ್ತಿದ್ದ ಗುಡ್ಡಗಳೂ ಬೆರಣಿ ತಟ್ಟುವ ಹೆಂಗಸರೂ ದಿನವೂ ಕಣ್ಣಿಗೆ ಬೀಳುತ್ತಿದ್ದರು.

ಅಣುಯುಗದ ಉತ್ಸಾಹ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲೇ ಅಣುಶಕ್ತಿ ಕಾಯ್ದೆ ಜಾರಿಗೆ ಬಂದು ಅಣುಶಕ್ತಿ ಆಯೋಗ ಸ್ಥಾಪನೆಯಾಯಿತು. ಭಾಭಾ ಅವರು ಅಧ್ಯಕ್ಷರಾದರು. 1954ರಲ್ಲಿ ಪ್ರತ್ಯೇಕ ಅಣುಶಕ್ತಿ ಇಲಾಖೆಯೇ ರೂಪುಗೊಂಡಿತು. 1955ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆ ನಡೆಸಿದ ಶಾಂತಿಗಾಗಿ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷತೆಯನ್ನು ಭಾಭಾ ಅವರೇ ವಹಿಸಿದ್ದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಕಾರ್ಯಾರಂಭ ಮಾಡಿತು. 1960ರಲ್ಲಿ ಕೆನಡಾದ ನೆರವಿನ ಸಿರಸ್ ಬಂತು. ಹೊಸದಾಗಿ ಸ್ವತಂತ್ರವಾದ ಬಡ ದೇಶವೊಂದಕ್ಕೆ ಇದು ಎಷ್ಟು ಹೆಮ್ಮೆಯ ವಿಷಯವಾಗಿತ್ತು ಎಂಬುದನ್ನು ಇಂದು ಊಹಿಸುವುದೂ ಕಷ್ಟ.

ಭಾಭಾ ಅವರ ವಾದದಲ್ಲಿ ಹುರುಳಿತ್ತು ಎನ್ನುವುದನ್ನು ಒಪ್ಪಲೇಬೇಕು. ಎಲ್ಲ ದೇಶಗಳೂ ಮುಂದುವರಿದ ದೇಶಗಳಷ್ಟೇ ಇಂಧನ ಬಳಸಿದರೆ ಭೂಮಿಯೊಳಗಿನ ಕಲ್ಲಿದ್ದಲು, ತೈಲ ಬಹುಕಾಲ ಉಳಿಯಲಾರದು ಎಂಬುದು ಅವರ ಮೊದಲ ಮಾತು. ಭಾರತದ ಕಲ್ಲಿದ್ದಲೆಲ್ಲ ಬಹುಪಾಲು ಬಿಹಾರ, ಬಂಗಾಳದ ಕಡೆಗಿದೆ, ಅಲ್ಲಿಂದ ಸಾವಿರಾರು ಮೈಲಿ ದೂರ ರೈಲಿನಲ್ಲಿ ಸಾಗಿಸಿ ಮುಂಬಯಿ ಅಹಮದಾಬಾದಿನ ಗಿರಣಿಗಳನ್ನು ನಡೆಸುವುದಕ್ಕಿಂತ ಪಶ್ಚಿಮ ಭಾರತದಲ್ಲಿ ಅಣುಸ್ಥಾವರ ಕಟ್ಟುವುದು ಲಾಭದಾಯಕ ಎಂಬುದು ಎರಡನೆಯದು. ಕೇರಳದ ಕಡಲ ಮರಳಿನಲ್ಲಿ ಥೋರಿಯಂ ಹೇರಳವಾಗಿದೆ, ಯುರೇನಿಯಂನಿಂದ ಆರಂಭಿಸಿ ಮೂರು ಹಂತಗಳಲ್ಲಿ ಥೋರಿಯಂ ಬಳಕೆಗೆ ತಲುಪಿದರೆ ದೇಶಕ್ಕೆ ಶಾಶ್ವತ ಇಂಧನ ದೊರೆಯುತ್ತದೆ ಎಂಬುದು ಮೂರನೆಯದು. ಇದು ದೂರದೃಷ್ಟಿಯ ಯೋಜನೆಯೇ ಸರಿ.

ಇದನ್ನು ಪ್ರಶ್ನಿಸಿದವರು ಇಲ್ಲದಿರಲಿಲ್ಲ. ಖ್ಯಾತ ವಿಜ್ಞಾನಿ ಮೇಘನಾದ ಸಾಹಾ ಅವರು ಲೋಕಸಭೆಯ ಸದಸ್ಯರಾಗಿದ್ದು, 1954ರಲ್ಲಿ ಅಣುಶಕ್ತಿ ಕಾರ್ಯಕ್ರಮದ ಗೋಪ್ಯತೆಯ ವಿರುದ್ಧ ಸದನದಲ್ಲೇ ದನಿ ಎತ್ತಿದರು. ಆದರೆ ಸಾಹಾ ಅವರೂ ಅಣುಶಕ್ತಿ ಬೇಕು ಎನ್ನುವವರೇ, ಅದನ್ನು ನಡೆಸುವ ರೀತಿಯ ಬಗ್ಗೆ ಅವರ ತಕರಾರು. ಅಣುಶಕ್ತಿಯೇ ಈ ದೇಶಕ್ಕೆ ಸರಿಯಾದ ಆಯ್ಕೆಯೇ ಎಂದು ಬುಡಕ್ಕೇ ಕೈ ಹಾಕಿದವರು ಕೊಸಾಂಬಿ. ಅದೂ ಭಾಭಾ ಅವರು ನಿರ್ದೇಶಕರಾಗಿದ್ದ, ಅಣುಶಕ್ತಿ ಇಲಾಖೆಯ ಹಣ ಬರುತ್ತಿದ್ದ ಸಂಸ್ಥೆಯಲ್ಲೇ ಸಂಬಳ ಪಡೆಯುತ್ತ!

ಪೂರ್ತಿ ಲೆಕ್ಕ ಕೇಳಿದವರು

1957ರಲ್ಲಿ ಅಮೆರಿಕದ ಮಾಸಪತ್ರಿಕೆಯೊಂದರಲ್ಲಿ ಅವರು ಸೂರ್ಯನೋ ಅಣುವೋ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಲೇಖನ ಬರೆದರು. 1960ರ ಜುಲೈನಲ್ಲಿ ಪುಣೆಯ ರೋಟರಿ ಕ್ಲಬ್ಬಿನಲ್ಲಿ ಭಾರತಕ್ಕೆ ಅಣುಶಕ್ತಿ ಎಂಬ ವಿಷಯದ ಬಗ್ಗೆ ಉಪನ್ಯಾಸ ನೀಡಿದರು. 1964ರಲ್ಲಿ ದೆಹಲಿಯ ಪತ್ರಿಕೆಯೊಂದರಲ್ಲಿ ಹಿಂದುಳಿದ ಪ್ರದೇಶಗಳಿಗೆ ಸೌರಶಕ್ತಿಯ ಪ್ರಯೋಜನವನ್ನು ವಿವರಿಸಿದರು. ವಿಜ್ಞಾನಿಗಳ ಸಭೆಯಲ್ಲಿ ಮಾತ್ರ ಮಾತನಾಡಿ ಸುಮ್ಮನಾಗದೆ ವ್ಯಾಪಾರಿಗಳು, ವೈದ್ಯರು, ವಕೀಲರು ಕೂಡುವ ಕ್ಲಬ್ಬಿಗೂ ಹೋಗಿ ಹೇಳಿದರು ಎಂಬುದು ಇಲ್ಲಿ ಗಮನಾರ್ಹ. ತೆರಿಗೆ ಕಟ್ಟುವವನಿಗೆ ತಿಳಿಯುವ ಹಕ್ಕಿದೆ ಎಂಬುದೇ ಅವರ ನಿಲುವಾಗಿತ್ತು.

ಅವರ ವಾದವನ್ನು ಒಂದು ಜಮಾ-ಖರ್ಚಿನ ಪುಸ್ತಕದಂತೆ ಓದಬಹುದು. ಸಾಲ ಕೇಳಿ ಬಂದವರ ಯೋಜನಾ ವರದಿಯಲ್ಲಿ ಯಂತ್ರದ ಬೆಲೆ ಮಾತ್ರ ಬರೆದಿದ್ದರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ. ಬಡ್ಡಿ, ಸವಕಳಿ, ಕಚ್ಚಾ ಮಾಲು, ಕಾರ್ಖಾನೆ ಮುಚ್ಚುವಾಗಿನ ವೆಚ್ಚ ಎಲ್ಲವೂ ಬೇಕು. ಅಣುವಿದ್ಯುತ್ತಿನ ದರ ಹೇಳುವಾಗಲೂ ಹಾಗೆಯೇ ಎಲ್ಲ ಖರ್ಚನ್ನೂ ಸೇರಿಸಬೇಕು ಎಂಬುದು ಕೊಸಾಂಬಿಯವರ ವಾದದ ತಿರುಳು. ಸ್ಥಾವರಕ್ಕೆ ಹಾಕುವ ಭಾರೀ ಬಂಡವಾಳ ಬಡ ದೇಶದ್ದು. ಉರಿದು ಉಳಿದ ವಿಕಿರಣಶೀಲ ತ್ಯಾಜ್ಯವನ್ನು ತಲೆಮಾರುಗಳ ಕಾಲ ಕಾಯಬೇಕಾದವರು ಇನ್ನೂ ಹುಟ್ಟದ ಜನರು. ಆ ವೆಚ್ಚ ಇಂದಿನ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೆಂದಲ್ಲ.

ಇನ್ನೊಂದು ಕಡೆ ಬಿಸಿಲು. ಭಾರತದ ಬಹುಭಾಗದಲ್ಲಿ ಪ್ರತಿ ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸುಮಾರು 4ರಿಂದ 7 ಯೂನಿಟ್ಟಿನಷ್ಟು ಶಕ್ತಿ ಬಿಸಿಲಾಗಿ ಬೀಳುತ್ತದೆ. ಅದಕ್ಕೆ ಗಣಿ ಬೇಡ, ರೈಲು ವ್ಯಾಗನ್ ಬೇಡ. ದೊಡ್ಡ ಸ್ಥಾವರದ ವಿದ್ಯುತ್ತು ಹಳ್ಳಿಗೆ ತಲುಪಲು ಕಂಬ ತಂತಿ ಬೇಕು, ಬಿಸಿಲು ಮಾತ್ರ ಹಳ್ಳಿಯಲ್ಲೇ ಇದೆ ಎಂಬುದು ಅವರ ಮುಖ್ಯ ತರ್ಕ. ಅಂದಿನ ಭಾರತದ ಬಹುಪಾಲು ಮನೆಗಳ ನಿಜವಾದ ಇಂಧನ ಕಲ್ಲಿದ್ದಲೂ ಅಲ್ಲ, ತೈಲವೂ ಅಲ್ಲ. ಅದು ಕಾಡಿನ ಕಟ್ಟಿಗೆ ಮತ್ತು ಸೆಗಣಿಯ ಬೆರಣಿ. ಕಟ್ಟಿಗೆಗಾಗಿ ಮರ ಕಡಿದರೆ ಮಣ್ಣು ಕೊಚ್ಚಿಹೋಗುತ್ತದೆ. ಗದ್ದೆಗೆ ಹೋಗಬೇಕಾದ ಗೊಬ್ಬರ ಒಲೆಗೆ ಹೋದರೆ ಬೆಳೆ ಕುಗ್ಗುತ್ತದೆ. ಆದ್ದರಿಂದ ಅಡುಗೆ ಒಲೆಯ ಪ್ರಶ್ನೆ ಬಗೆಹರಿಸದೆ ಮಹಾನಗರಗಳಿಗೆ ಮಾತ್ರ ಬೆಳಕು ಕೊಡುವ ಯೋಜನೆ ಅರ್ಧ ಯೋಜನೆ ಎಂದು ಅವರು ಕಂಡರು. ಚಳಿ ದೇಶಗಳು ಬಿಸಿಲಿನ ಮೇಲೆ ಸಂಶೋಧನೆ ನಡೆಸಿ ನಮಗೆ ಕೊಡಲಿ ಎಂದು ಕಾಯುವುದು ಸರಿಯಲ್ಲ, ಬಿಸಿಲಿರುವ ದೇಶವೇ ಅದನ್ನು ಮಾಡಬೇಕು ಎಂಬುದು ಅವರ ಆಗ್ರಹವಾಗಿತ್ತು.

ಈ ವಾದದ ದುರ್ಬಲ ಬದಿಯನ್ನೂ ಹೇಳದಿದ್ದರೆ ಅಪೂರ್ಣವಾದೀತು. ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ್ದು 1954ರಲ್ಲಿ. ಬಿದ್ದ ಬಿಸಿಲಿನಲ್ಲಿ ಶೇಕಡಾ 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿ ಪರಿವರ್ತಿಸುತ್ತಿತ್ತು. ಒಂದು ವಾಟ್‌ಗೆ ನೂರಾರು ಡಾಲರ್ ಬೆಲೆ. ಉಪಗ್ರಹಗಳಿಗೆ ಬಿಟ್ಟರೆ ಬೇರೆಯವರ ಕೈಗೆ ಎಟುಕುವಂತಿರಲಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ 1950ರ ದಶಕದಲ್ಲಿ ತಯಾರಿಸಿದ ಸೌರ ಒಲೆ ದೊಡ್ಡ ಸುದ್ದಿ ಮಾಡಿ ಮಾರುಕಟ್ಟೆಯಲ್ಲಿ ಬಿದ್ದುಹೋಯಿತು. ಸೂರ್ಯ ಮುಳುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಅಂದು ಅಗ್ಗದ ಉತ್ತರ ಯಾರ ಬಳಿಯೂ ಇರಲಿಲ್ಲ. 1960ರಲ್ಲಿ ಮುಂಬಯಿಯ ಗಿರಣಿಗಳನ್ನು ಬಿಸಿಲಿನಿಂದ ನಡೆಸಲು ಸಾಧ್ಯವೇ ಇರಲಿಲ್ಲ. ಅಣುವಿಗೆ ಸುರಿದ ಹಣದಲ್ಲಿ ಒಂದು ಪಾಲನ್ನಾದರೂ ಸೂರ್ಯನಿಗೆ ಕೊಟ್ಟಿದ್ದರೆ ಆ ಸಾಧ್ಯತೆ ಬೇಗ ಬರುತ್ತಿತ್ತೇ ಎಂಬುದು ಮಾತ್ರ ಚರ್ಚೆಗೆ ಉಳಿದಿರುವ ಪ್ರಶ್ನೆ.

ಹುದ್ದೆ ಹೋಯಿತು, ಮಾತು ನಿಲ್ಲಲಿಲ್ಲ

ಸಂಸ್ಥೆಯಲ್ಲಿ ಸಂಬಂಧ ಹಳಸುತ್ತ ಬಂತು. ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಗಣಿತ ಲೋಕದ ಅತಿ ಕಠಿಣ ಸಮಸ್ಯೆಗಳಲ್ಲೊಂದಾದ ರೀಮನ್ ಊಹೆಯನ್ನು ತಾವು ಸಾಧಿಸಿದ್ದಾಗಿ ಕೊಸಾಂಬಿಯವರು 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಸಾಧನೆ ನಿಲ್ಲಲಿಲ್ಲ. ಸಹೋದ್ಯೋಗಿ ಗಣಿತಜ್ಞರಲ್ಲಿ ಅವರ ಗೌರವಕ್ಕೆ ಪೆಟ್ಟು ಬಿತ್ತು. 1962ರಲ್ಲಿ ಅವರ ಸೇವಾವಧಿ ಮುಗಿದಾಗ ಸಂಸ್ಥೆ ಅದನ್ನು ನವೀಕರಿಸಲಿಲ್ಲ. ಗಣಿತದ ಆ ಪ್ರಕರಣವೇ ಕಾರಣ ಎನ್ನುವವರಿದ್ದಾರೆ, ಅಣುಶಕ್ತಿಯ ವಿರುದ್ಧದ ಮಾತೇ ಕಾರಣ ಎನ್ನುವವರೂ ಇದ್ದಾರೆ. ಎರಡೂ ಸೇರಿ ಕೆಲಸ ಮಾಡಿರಬಹುದು. ಕೊಲಾಬಾದ ಭವ್ಯ ಕಟ್ಟಡವನ್ನು ನೆಹರೂ ಅವರು ಉದ್ಘಾಟಿಸಿದ್ದು ಅದೇ ವರ್ಷ. ಹೊಸ, ಇನ್ನಷ್ಟು ಬಿಗಿಯಾದ ಅಣುಶಕ್ತಿ ಕಾಯ್ದೆ ಬಂದದ್ದೂ ಅದೇ ವರ್ಷ.

55ರ ಹತ್ತಿರದ ವಯಸ್ಸಿನಲ್ಲಿ ಸಂಬಳದ ಹುದ್ದೆ ಕಳೆದುಕೊಳ್ಳುವುದೆಂದರೆ ಏನು ಎಂಬುದು ನೌಕರಿಯನ್ನೇ ನಂಬಿ ಊರು ಬಿಟ್ಟು ಬಂದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಧಿಕಾರಿಯ ಮುಖ್ಯ ಯೋಜನೆಯನ್ನು ಬಹಿರಂಗವಾಗಿ ಪ್ರಶ್ನಿಸಿದರೆ ಆಗುವುದೇನು ಎಂದು ಕೊಸಾಂಬಿಯವರಿಗೆ ಮೊದಲೇ ತಿಳಿದಿರದಿರಲು ಸಾಧ್ಯವಿಲ್ಲ. ಹುದ್ದೆ ಹೋದ ಎರಡು ವರ್ಷಗಳ ಮೇಲೆ ಅವರು ಪುನಃ ಸೌರಶಕ್ತಿಯ ಬಗ್ಗೆಯೇ ಬರೆದರು. 1964ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅವರನ್ನು ಗೌರವ ವಿಜ್ಞಾನಿಯಾಗಿ ನೇಮಿಸಿತು. ಪುಣೆಯ ಮಹಾರಾಷ್ಟ್ರ ವಿಜ್ಞಾನವರ್ಧಿನಿಯಲ್ಲಿ ಕುಳಿತು ಕೆಲಸ ಮುಂದುವರಿಸಿದರು. ಪ್ರಾಚೀನ ಭಾರತದ ಸಂಸ್ಕೃತಿ ಮತ್ತು ನಾಗರಿಕತೆಯ ಬಗ್ಗೆ ಅವರ ಪ್ರಸಿದ್ಧ ಗ್ರಂಥ 1965ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

1966ರ ಜನವರಿ 24ರಂದು ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತಕ್ಕೆ ಅಪ್ಪಳಿಸಿ ಭಾಭಾ ಅವರು ದುರ್ಮರಣಕ್ಕೀಡಾದರು. ಆಗ ಅವರ ವಯಸ್ಸು 56. ಅದೇ ವರ್ಷದ ಜೂನ್ 29ರಂದು ಕೊಸಾಂಬಿಯವರು ಪುಣೆಯ ಮನೆಯಲ್ಲಿ ನಿದ್ದೆಯಲ್ಲೇ ಕೊನೆಯುಸಿರೆಳೆದರು. ಅವರಿಗೆ 58. ವಾದ ಮಾಡಿದ ಇಬ್ಬರೂ ಐದು ತಿಂಗಳ ಅಂತರದಲ್ಲಿ ಹೊರಟುಹೋದರು. ವಾದ ಮಾತ್ರ ಉಳಿಯಿತು. ಭಾಭಾ ಅವರ ಹೆಸರು 1967ರಲ್ಲಿ ಟ್ರಾಂಬೆಯ ಸಂಶೋಧನಾ ಕೇಂದ್ರಕ್ಕೆ ಬಂತು. ಕೊಸಾಂಬಿಯವರ ನೆನಪಿಗೆ ಭಾರತೀಯ ಅಂಚೆ ಇಲಾಖೆ 2008ರಲ್ಲಿ, ಅವರ ಜನ್ಮಶತಾಬ್ದಿ ವರ್ಷದ ಕೊನೆಗೆ ಅಂಚೆಚೀಟಿ ಹೊರತಂದಿತು.

ಆ ಮೇಲಿನ ಜಮಾ-ಖರ್ಚು

ಅವರಿಬ್ಬರ ನಂತರದ ಲೆಕ್ಕ ಏನು ಹೇಳುತ್ತದೆ? ಮುಂಬಯಿಯ ಉತ್ತರಕ್ಕಿರುವ ತಾರಾಪುರದಲ್ಲಿ ದೇಶದ ಮೊದಲ ಅಣುವಿದ್ಯುತ್ ಸ್ಥಾವರ 1969ರಲ್ಲಿ ಉತ್ಪಾದನೆ ಆರಂಭಿಸಿತು. 1974ರ ಮೇ 18ರಂದು ಪೋಖ್ರಾನಿನಲ್ಲಿ ನಡೆದ ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಶಾಂತಿಗಾಗಿ ಎಂದು ಕೊಟ್ಟಿದ್ದ ಸಿರಸ್‌ನಿಂದ. ಶಾಂತಿಯ ಅಣುವಿಗೂ ಬಾಂಬಿನ ಅಣುವಿಗೂ ನಡುವಿನ ಗೋಡೆ ಬಹಳ ತೆಳು ಎಂಬುದು ಇದರಿಂದ ಜಗತ್ತಿಗೆ ತಿಳಿಯಿತು. 2000ನೇ ಇಸವಿಗೆ 10,000 ಮೆಗಾವಾಟ್ ಅಣುವಿದ್ಯುತ್ತು ಎಂಬ ಗುರಿ ಇದ್ದರೂ ಆಗ ಸಿದ್ಧವಾಗಿದ್ದುದು 3,000ಕ್ಕೂ ಕಡಿಮೆ. ಇಂದೂ ದೇಶದ ವಿದ್ಯುತ್ ಉತ್ಪಾದನೆಯಲ್ಲಿ ಅಣುವಿನ ಪಾಲು ಶೇಕಡಾ 3ರ ಆಸುಪಾಸು. ಥೋರಿಯಂ ಹಂತ ಇನ್ನೂ ದೂರದಲ್ಲಿದೆ.

ಹಾಗೆಂದು ಸೂರ್ಯ ಗೆದ್ದ ಎನ್ನುವಂತೆಯೂ ಇಲ್ಲ. ಈ ಅರ್ಧ ಶತಮಾನದಲ್ಲಿ ನಿಜವಾಗಿ ಗೆದ್ದದ್ದು ಕಲ್ಲಿದ್ದಲು. ಇಂದಿಗೂ ದೇಶದ ವಿದ್ಯುತ್ತಿನಲ್ಲಿ ಹತ್ತರಲ್ಲಿ ಏಳು ಪಾಲು ಅದರದ್ದೇ. ಇದರ ಬಿಸಿ ನಮ್ಮ ಊರಿಗೂ ತಟ್ಟಿದೆ. ಉಡುಪಿ ಜಿಲ್ಲೆಯ ನಂದಿಕೂರು, ಎಲ್ಲೂರು ಪರಿಸರದಲ್ಲಿ ಕಲ್ಲಿದ್ದಲು ಸ್ಥಾವರಕ್ಕೆ ಜನರ ವಿರೋಧ ಬಹಳ ಹಳೆಯದು. ಮೊದಲು ಬಂದ ಅಮೆರಿಕದ ಕಂಪೆನಿ 1999ರಲ್ಲಿ ಹಿಂದೆ ಸರಿದರೂ, 2010ರಲ್ಲಿ ಬೇರೊಂದು ಸ್ಥಾವರ ಉತ್ಪಾದನೆ ಆರಂಭಿಸಿತು. ಆ ಊರುಗಳ ಎಷ್ಟೋ ಕುಟುಂಬಗಳ ಮಕ್ಕಳು ಮುಂಬಯಿಯಲ್ಲಿದ್ದು, ಹಾರುಬೂದಿ, ಬಾವಿನೀರಿನ ಉಪ್ಪು, ಮಲ್ಲಿಗೆ ಕೃಷಿಯ ಸಂಕಷ್ಟದ ಸುದ್ದಿಯನ್ನು ಫೋನಿನಲ್ಲಿ ಕೇಳಿದವರೇ.

ಉತ್ತರ ಕನ್ನಡದ ಕೈಗಾದ್ದು ಇನ್ನೊಂದು ಕಥೆ. ಅಣುಸ್ಥಾವರದ ವಿರುದ್ಧ ಹೋರಾಟಕ್ಕೆ ಇಳಿದ ಡಾ. ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತರು. ನಿರ್ಮಾಣ ಹಂತದಲ್ಲಿದ್ದ ಸ್ಥಾವರದ ಗುಮ್ಮಟದ ಒಳಪದರ 1994ರ ಮೇ ತಿಂಗಳಲ್ಲಿ ಕುಸಿದುಬಿತ್ತು. ಆದರೆ ಅದೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿ ಅಂದಿನ ವಿಶ್ವದಾಖಲೆ ಮಾಡಿದ್ದೂ ಸತ್ಯ. ಹಗಲು ರಾತ್ರಿ, ಮಳೆ ಬಿಸಿಲು ಎನ್ನದೆ, ಹೊಗೆಯೂ ಇಲ್ಲದೆ ವಿದ್ಯುತ್ತು ಕೊಡುವ ಶಕ್ತಿ ಅಣುವಿಗಿದೆ. ಭೂಮಿಯ ತಾಪ ಏರುತ್ತಿರುವ ಈ ದಿನಗಳಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಈ ಪ್ರಶ್ನೆ ಕೊಸಾಂಬಿಯವರ ಕಾಲದ ಸಾರ್ವಜನಿಕ ಚರ್ಚೆಯಲ್ಲಿ ಇರಲೇ ಇಲ್ಲ. ಇನ್ನೊಂದೆಡೆ ಕೊಂಕಣ ರೈಲಿನ ಹಾದಿಯ ರತ್ನಾಗಿರಿ ಜಿಲ್ಲೆಯ ಜೈತಾಪುರದಲ್ಲಿ, ಫುಕುಶಿಮಾ ದುರಂತದ ಮರುತಿಂಗಳೇ, 2011ರ ಏಪ್ರಿಲಿನಲ್ಲಿ, ಅಣುಸ್ಥಾವರ ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಒಂದು ಜೀವ ಹೋಯಿತು.

ಸೂರ್ಯನ ಸರದಿ ಬಂದದ್ದು ತಡವಾಗಿ. ಫಲಕಗಳ ಬೆಲೆ ಇಳಿದು, 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಪಾರ್ಕಿಗೆ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಯ ದರ ಬಂತು. 2025ರ ಜನವರಿಯಲ್ಲಿ ದೇಶದ ಸೌರವಿದ್ಯುತ್ ಸಾಮರ್ಥ್ಯ 1,00,000 ಮೆಗಾವಾಟ್ ದಾಟಿತು. ಅದೇ ವರ್ಷ ಪವನವಿದ್ಯುತ್ತು 50,000 ದಾಟಿತು. ಗಾಳಿ ಬೀಸುವುದೂ ಸೂರ್ಯನ ಶಾಖದಿಂದಲೇ ಅಲ್ಲವೇ! ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಊರಿಗೆ ಹೋಗುವವರಿಗೆ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ಪರಿಚಿತ ದೃಶ್ಯ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರಪಾರ್ಕ್ ಇದೆ. ಬರಗಾಲದ ನೆಲವನ್ನು ಗುತ್ತಿಗೆಗೆ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ಆರಂಭವಾಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ.

ಕೊಸಾಂಬಿಯವರು ಇದ್ದಿದ್ದರೆ ಪಾವಗಡದ ಈ ಕೊನೆಯ ಸಾಲನ್ನು ಬಿಟ್ಟು ಲೆಕ್ಕ ಮುಗಿಸಲು ಬಿಡುತ್ತಿರಲಿಲ್ಲ ಎಂದು ಧಾರಾಳವಾಗಿ ಹೇಳಬಹುದು. ಅವರು ಕನಸು ಕಂಡದ್ದು ಹಳ್ಳಿಯ ಬಿಸಿಲು ಹಳ್ಳಿಯ ಒಲೆಗೆ ಸಿಗಬೇಕೆಂದು. ಸಾವಿರಾರು ಎಕರೆಗೆ ಬೇಲಿ ಹಾಕಿ ದೂರದ ನಗರಕ್ಕೆ ತಂತಿ ಎಳೆಯುವುದು ಆ ಕನಸಾಗಿರಲಿಲ್ಲ.

ಕಲ್ಲಿದ್ದಲಿಗೆ ಬೂದಿಯ ಲೆಕ್ಕ, ಅಣುವಿಗೆ ತ್ಯಾಜ್ಯದ ಲೆಕ್ಕ, ಗಾಳಿ ಬಿಸಿಲುಗಳಿಗೆ ನೆಲದ ಮತ್ತು ರಾತ್ರಿಯ ಲೆಕ್ಕ. ಯಾವುದೂ ಖರ್ಚಿಲ್ಲದೆ ಬರುವುದಿಲ್ಲ. ಯಾವುದನ್ನು ಆರಿಸಿದರೂ ಆ ಲೆಕ್ಕ ಪೂರ್ತಿಯಾಗಿ, ಎಲ್ಲರಿಗೂ ಕಾಣುವಂತೆ ಇರಬೇಕು. ಅದನ್ನು ಕೇಳಿದವನನ್ನು ದೇಶದ್ರೋಹಿಯಂತೆ ನೋಡಬಾರದು. ಕೊಸಾಂಬಿಯವರ ಎಲ್ಲ ಅಂದಾಜುಗಳೂ ಸರಿಯಾಗದಿರಬಹುದು, ಭಾಭಾ ಅವರದ್ದೂ ಆಗಲಿಲ್ಲ. ಆದರೆ ಸಂಬಳ ಕೊಡುವ ಸಂಸ್ಥೆಯೊಳಗಿದ್ದೇ ಜನರ ಪರವಾಗಿ ಲೆಕ್ಕ ಕೇಳಿ, ಅದಕ್ಕೆ ತೆರಬೇಕಾದ ಬೆಲೆಯನ್ನು ತೆತ್ತ ಆ ಮಹನೀಯರ ಜನ್ಮದಿನ ಜುಲೈ 31. ಮನೆಯ ವಿದ್ಯುತ್ ಬಿಲ್ಲು ಕೈಗೆ ಬಂದಾಗ, ಅದರಲ್ಲಿ ಬರೆಯದೆ ಬಿಟ್ಟ ಖರ್ಚು ಯಾರ ಊರಿನಲ್ಲಿ ಬಿದ್ದಿದೆ ಎಂದು ಒಂದು ಕ್ಷಣ ಯೋಚಿಸಿದರೆ ಅದೇ ಅವರಿಗೆ ನಾವು ಸಲ್ಲಿಸುವ ಗೌರವ.